ಬೆನ್ನಿಗೆ ಹಾಲೆರೆದ ಅಣ್ಣ

ನನ್ನ ಬಲಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಮೊಣಕೈ ಹತ್ತಿರ ಸೊಟ್ಟಗೆ ನಿಂತುಬಿಟ್ಟಿದೆ, ಅಂಗೈಯನ್ನು ಮೇಲಕ್ಕೆ ತಿರುಗಿಸಲೂ ಆಗುವುದಿಲ್ಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಿದರೆ ಅರ್ಧ ಪಕ್ಕಕ್ಕೆ ಹರಿದುಹೋಗುತ್ತದೆ. ಹೊಸ ಅರ್ಚಕರಾದರೆ "ಕೈ ಸರಿಯಾಗಿ ಹಿಡೀರಮ್ಮ" ಅನ್ನುತ್ತಾರೆ. ಮೊಮ್ಮಕ್ಕಳು ಕೇಳಿದಾಗ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದೇನೆ. ಅದು ಸುಳ್ಳು. ನಿಜ ಹೇಳಬೇಕಾದರೆ ನನ್ನ ಮರ್ಯಾದೆಯನ್ನೂ ಸ್ವಲ್ಪ ಕಳೆದುಕೊಳ್ಳಬೇಕು, ಅದಕ್ಕೇ ಇಷ್ಟು ವರ್ಷ ತಡವಾಯಿತು.

ನಾನು ಜೂಡೋ ಆಡುತ್ತಿದ್ದೆ. ಎಪ್ಪತ್ತರ ದಶಕದ ಕೊನೆ. ರಾಜಾಜಿನಗರದ ಒಂದು ವಠಾರದಲ್ಲಿ ನಮ್ಮ ಮನೆ. ಅಪ್ಪನಿಗೆ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ನನಗಿಂತ ಮೊದಲು ಹುಟ್ಟಿದ ಎರಡು ಗಂಡು ಕೂಸುಗಳು ಉಳಿಯಲಿಲ್ಲವಂತೆ, ಉಳಿದವಳು ನಾನೊಬ್ಬಳು. ಗಂಡುಬೀರಿ ಎಂದು ವಠಾರವೆಲ್ಲ ಕರೆಯುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಎರಡು ಸಲ ಕೈಕೊಟ್ಟ ಮೇಲೆ ನನ್ನ ಕೆಲಸವೆಂದರೆ ಬೀದಿ ನಲ್ಲಿಯಿಂದ ನೀರು ತರುವುದು, ಮಾವನ ಜೊತೆ ಮದುವೆಯಾಗುವ ದಿನಕ್ಕೆ ಕಾಯುವುದು.

ಮಾವ ಎಂದರೆ ಅಮ್ಮನ ಕಡೇ ತಮ್ಮ. ಕೆಂಗೇರಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ. ನಾನು ಹುಟ್ಟಿದ ದಿನವೇ ಅಜ್ಜಿ, "ನನ್ನ ಮಗನಿಗೆ ಹೆಣ್ಣಾಯ್ತು ಬಿಡು" ಎಂದಿದ್ದಳಂತೆ. ಆಗ ಅವನಿಗೆ ಹದಿಮೂರು ವರ್ಷ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವನು, ನನ್ನ ಮೂಗು ಒರೆಸಿದವನು. ಕೆಟ್ಟವನಲ್ಲ. ಆದರೆ ಅವನ ಪಕ್ಕ ಮಲಗುವುದನ್ನು ನೆನೆಸಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳುವುದು? ಸೋದರಮಾವನನ್ನು ಮದುವೆಯಾಗುವುದು ನಮ್ಮಲ್ಲಿ ಪುಣ್ಯ, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ ಎನ್ನುತ್ತಿದ್ದರು.

ಆ ಸಮಯಕ್ಕೆ ಮೇಷ್ಟ್ರು ಬಂದರು. ಅವರು ಅಪ್ಪನ ಕಾರ್ಖಾನೆಯ ಸೆಕ್ಯುರಿಟಿಯಲ್ಲಿದ್ದ ಮಾಜಿ ಸೈನಿಕರು. ಚಿಕ್ಕಂದಿನಲ್ಲಿ ಗರಡಿಯಲ್ಲಿ ಕುಸ್ತಿ ಮಾಡಿ ಬೆಳೆದವರು, ಜೂಡೋ ಕಲಿತದ್ದು ಮಿಲಿಟರಿಯಲ್ಲಿ. ಸಂಜೆ ಹೊತ್ತು ಕಾರ್ಮಿಕರ ಹಾಲ್‌ನಲ್ಲಿ ಹುಡುಗರಿಗೆ ಕಲಿಸುತ್ತಿದ್ದರು. ನಾನು ಎರಡು ಕಂಕುಳಲ್ಲಿ ಎರಡು ತುಂಬಿದ ಕೊಡ ಹೊತ್ತು, ಅಡ್ಡ ಬಂದ ಹೆಂಗಸಿನ ಜೊತೆ ಜಗಳವನ್ನೂ ಆಡುತ್ತಾ ಹೋಗುವುದನ್ನು ಒಂದು ದಿನ ನೋಡಿದರಂತೆ. ಮನೆಗೇ ಬಂದು ಅಪ್ಪನಿಗೆ ಹೇಳಿದರು: "ಹೆಣ್ಮಕ್ಕಳದ್ದೂ ಸ್ಟೇಟ್ ಟೀಮ್ ಮಾಡ್ತಾ ಇದಾರೆ ಸ್ವಾಮಿ. ಆಡೋಕೆ ಹೆಣ್ಮಕ್ಕಳೇ ಇಲ್ಲ. ಟೀಮಿಗೆ ಸೇರಿದ್ರೆ ನಮ್ಮ ಫ್ಯಾಕ್ಟ್ರೀಲೇ ಟೆಲಿಫೋನ್ ಬೋರ್ಡ್ ಮೇಲೆ ಕೆಲ್ಸ ಕೊಡ್ತಾರೆ. ದೊಡ್ಡೋರ ಹತ್ರ ಮಾತಾಡಿದೀನಿ, ಒಪ್ಪಿದಾರೆ."

ಅಪ್ಪ ನನ್ನ ಮುಖ ನೋಡಿದರು. ಅವರಿಗೆ ನನ್ನ ಮನಸ್ಸು ಗೊತ್ತಿತ್ತೋ ಏನೋ. "ಕೆಲ್ಸ ಸಿಕ್ರೆ ಮದ್ವೆ ಮಾತು ನಾನಾಗಿ ಎತ್ತಲ್ಲ. ಸಿಗ್ಲಿಲ್ಲ ಅಂದ್ರೆ ನಿಮ್ಮಮ್ಮ ಹೇಳಿದ ಹಾಗೆ," ಎಂದರು. ನನಗೆ ಅಷ್ಟು ಸಾಕಾಗಿತ್ತು.

ಅಮ್ಮ ಸುಮ್ಮನಿರುತ್ತಾಳೆಯೇ? "ಗಂಡುಹುಡುಗ್ರ ಮೈಗೆ ಮೈ ತಾಗಿಸ್ಕೊಂಡು ಉರುಳಾಡ್ತಾಳಾ ಇವ್ಳು? ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ಬಾವಿ ನೋಡ್ಕೋಬೇಕಾಗುತ್ತೆ ನಾನು," ಎಂದು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ತಾನೇ ಒಂದು ಉಪಾಯ ಹುಡುಕಿದಳು. ಜೊತೆಗೆ ಆಡುವವನು ಒಬ್ಬನೇ ಇರಬೇಕು. ಅವನು ಮೊದಲು ನನಗೆ ಅಣ್ಣನಾಗಬೇಕು. ಬಾಯಿ ಮಾತಿಗೆ ಅಣ್ಣ ಅಲ್ಲ, ಶಾಸ್ತ್ರ ಮಾಡಿ ಅಣ್ಣ.

ಮೇಷ್ಟ್ರು ಆರಿಸಿದ್ದು ಪಕ್ಕದ ಬೀದಿಯ ಒಬ್ಬ ಅಪ್ರೆಂಟಿಸ್ ಹುಡುಗನನ್ನು. ಇಪ್ಪತ್ತೆರಡು ವರ್ಷ, ಸಣಕಲು, ಬಾಯಲ್ಲಿ ಬೆರಳಿಟ್ಟರೂ ಕಚ್ಚದಷ್ಟು ಸಾಧು. ತಾಯಿ ಇರಲಿಲ್ಲ, ಅಕ್ಕತಂಗಿಯರೂ ಇರಲಿಲ್ಲ. ಆ ವರ್ಷದ ನಾಗರಪಂಚಮಿಯ ದಿನ, ಖಾಲಿ ಸೈಟಿನ ಹುತ್ತಕ್ಕೆ ತನಿ ಎರೆದು ಬಂದ ಮೇಲೆ, ಅಮ್ಮ ಅವನನ್ನು ಮಣೆಯ ಮೇಲೆ ಕೂರಿಸಿ ಅಂಗಿ ಬಿಚ್ಚಿಸಿದಳು. ಆ ದಿನ ಒಡಹುಟ್ಟಿದವರ ಬೆನ್ನಿಗೆ ಹಾಲು ತುಪ್ಪ ಹಚ್ಚುವುದು ನಮ್ಮ ಪದ್ಧತಿ. ನನಗೆ ಅದುವರೆಗೆ ಯಾರ ಬೆನ್ನೂ ಸಿಕ್ಕಿರಲಿಲ್ಲ. ಹೂವನ್ನು ಹಾಲಿನಲ್ಲಿ ಅದ್ದಿ ಅವನ ಬೆನ್ನಿಗೆ ತಾಗಿಸಿದೆ. ಅವನು ಚಳಿಗೆ ನಡುಗಿದ. "ಬೆನ್ನು ತಣ್ಣಗಿರಲಿ, ಹೊಟ್ಟೆ ತಣ್ಣಗಿರಲಿ ಅನ್ನೇ," ಎಂದಳು ಅಮ್ಮ. ಅಂದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿಯದೆ ಹೋದ ಆ ಎರಡು ಮಕ್ಕಳ ನೆನಪಾಯಿತೆಂದು ಅಂದುಕೊಂಡೆ. ಆರತಿ ತಟ್ಟೆ ತರಲು ನನ್ನನ್ನು ಒಳಗೆ ಕಳಿಸಿದಳು. ನಾನು ತಿರುಗಿ ಬಂದಾಗ ಅವನು ತಲೆ ತಗ್ಗಿಸಿ "ಆಗ್ಲಿ ಅಮ್ಮ" ಎನ್ನುತ್ತಿದ್ದ. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಮಾರನೆಯ ದಿನದಿಂದ ಅಮ್ಮ ವಠಾರದ ಬಾಯಿಗಳನ್ನು ಒಂದೊಂದಾಗಿ ಮುಚ್ಚಿಸಿದಳು. "ಅಣ್ಣ ತಂಗಿ ಮೈ ಮುಟ್ಟಿದ್ರೆ ದೋಷವೇನ್ರೀ?"

ಹಾಲ್‌ನಲ್ಲಿ ತೆಂಗಿನ ನಾರು ತುಂಬಿ ಟಾರ್ಪಾಲಿನ್ ಹೊಲಿದ ಹಾಸು. ಬೆವರು, ಹಳೆ ಗೋಣಿ, ಬೀಡಿ ಎಲ್ಲದರ ವಾಸನೆ. ನನಗೂ ಅಣ್ಣನಿಗೂ ಮೂಲೆಯ ಜಾಗ. ನನ್ನ ಜೊತೆ ಸೇರಿದ್ದ ಇನ್ನೊಬ್ಬ ಹುಡುಗಿ ವಾರಕ್ಕೇ ಬಿಟ್ಟಳು. ಮೇಷ್ಟ್ರು ಒಳ್ಳೆಯವರೇ, ಆದರೆ ಗರಡಿಯ ಮನುಷ್ಯ. ಗರಡಿಯೊಳಗೆ ಹೆಂಗಸರು ಕಾಲಿಡಕೂಡದೆಂದು ಕಲಿತು ಬೆಳೆದವರು. ಹುಡುಗರಿಗೆ ಕೈ ಹಿಡಿದು, ಕಾಲು ತಿದ್ದಿ ಕಲಿಸುತ್ತಿದ್ದವರು ನಮ್ಮ ಕಡೆ ಬಂದಾಗ ಗೋಡೆ ನೋಡುತ್ತಿದ್ದರು. ಬಾಯಲ್ಲಿ ಹೇಳುತ್ತಿದ್ದರು, ಮುಟ್ಟುತ್ತಿರಲಿಲ್ಲ, ನಾವು ಹಿಡಿದುಕೊಂಡ ಕೂಡಲೇ ಬೆನ್ನು ತಿರುಗಿಸುತ್ತಿದ್ದರು. ಅದು ಮರ್ಯಾದೆ. ನನಗೂ ಆಗ ಅದು ಮರ್ಯಾದೆಯಾಗಿಯೇ ಕಂಡಿತು.

ಮೊದಲ ಎರಡು ವಾರ ಬೀಳುವುದನ್ನು ಕಲಿಸಿದರು. ಜೂಡೋದಲ್ಲಿ ಮೊದಲ ಪಾಠವೇ ಬೀಳುವುದು. ಗಲ್ಲ ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಮಾಡಿ, ಕೈ ಚಾಚಿ ಹಾಸನ್ನು ಬಡಿಯಬೇಕು. ನಾನು ನನ್ನಷ್ಟಕ್ಕೆ ಕೂತು ಬಿದ್ದೆ, ನಿಂತು ಬಿದ್ದೆ. ಆಮೇಲೆ ಬೀಳುವ ಪ್ರಮೇಯವೇ ಬರಲಿಲ್ಲ. ಎಸೆಯುವವಳು ನಾನು, ಬೀಳುವವನು ಅಣ್ಣ. "ಇವತ್ತು ನಿನ್ನ ಸರದಿ ಅಣ್ಣ, ನನ್ನ ಎಸಿ," ಎಂದರೆ, "ಮೊದ್ಲು ನಿಂಗೆ ಪಟ್ಟು ಕೂತ್ಕೊಳ್ಲಿ ಕಣಮ್ಮ, ನಾಳೆ ನೋಡಣ," ಎನ್ನುತ್ತಿದ್ದ. ಆ ನಾಳೆ ಒಂದೂವರೆ ವರ್ಷ ಬರಲಿಲ್ಲ.

ಅವನ ಅಂಗಿಯ ತೋಳು ಹಿಡಿದು, ಸೊಂಟ ಒಳಗೆ ತಿರುಗಿಸಿ ಎಳೆದರೆ ಅವನು ನನ್ನ ಮೇಲಿಂದ ಹಾರಿ ದಬ್ಬೆಂದು ಬೀಳುತ್ತಿದ್ದ. ಆ ಸದ್ದು ಕೇಳಿ ನನಗೆ ಆಗುತ್ತಿದ್ದ ಖುಷಿಯನ್ನು ಏನೆಂದು ಹೇಳಲಿ. ಅಷ್ಟು ದಿನ ನನ್ನ ಮೈಯ ಬಲ ಕೊಡ ಹೊರುವುದಕ್ಕೆ, ಬೈಸಿಕೊಳ್ಳುವುದಕ್ಕೆ ಮಾತ್ರ ಇತ್ತು. ಈಗ ಒಬ್ಬ ಗಂಡಸನ್ನು ಎತ್ತಿ ಒಗೆಯುತ್ತಿದ್ದೇನೆ, ದಿನಕ್ಕೆ ಮೂವತ್ತು ಸಲ. ಸದ್ದು ಕೇಳಿದ ಮೇಷ್ಟ್ರು ಗೋಡೆ ನೋಡಿಕೊಂಡೇ "ಭೇಷ್" ಎನ್ನುತ್ತಿದ್ದರು. ಮನೆಗೆ ಬಂದು ಹೇಳಿದರೆ ಅಮ್ಮ, "ಪಾಪ, ನನ್ನ ಮಗನ ಬೆನ್ನು ಏನಾಗಿದ್ಯೋ," ಎಂದು ಹರಳೆಣ್ಣೆ ಕಾಯಿಸಿ ಬಾಟಲಿಯಲ್ಲಿ ಕೊಟ್ಟು ಕಳಿಸುತ್ತಿದ್ದಳು.

ಮಧ್ಯದಲ್ಲಿ ಅಣ್ಣ ಕಾಮಾಲೆಯಾಗಿ ಮೂರು ವಾರ ಮಲಗಿದ. ಸ್ಟೇಟ್ ಟೀಮಿನ ಸೆಲೆಕ್ಷನ್‌ಗೆ ಇನ್ನು ಕೆಲವೇ ತಿಂಗಳಿತ್ತು. ಅಭ್ಯಾಸ ತಪ್ಪಬಾರದೆಂದು ಮೇಷ್ಟ್ರು, ಅಮ್ಮನಿಗೆ ಹೇಳದೆ, ನನ್ನನ್ನು ಹಾಲ್‌ಗೆ ಬರುತ್ತಿದ್ದ ಹೇರೋಹಳ್ಳಿಯ ಒಬ್ಬ ಹುಡುಗನ ಜೊತೆ ಬಿಟ್ಟರು. ಆಗ ಹೇರೋಹಳ್ಳಿ ಎಂದರೆ ಪೂರ್ತಿ ಹಳ್ಳಿ. ಅವನು ಹೊಲದ ಕೆಲಸ ಮುಗಿಸಿ ಸೈಕಲ್ ತುಳಿದು ಬರುತ್ತಿದ್ದ. ಗಟ್ಟಿ ಆಳು, ನನಗಿಂತ ದೊಡ್ಡವನೇ ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದ.

ಹಿಡಿದೆ, ತಿರುಗಿದೆ, ಎಳೆದೆ. ಅವನು ರೋಡು ರೋಲರಿನ ಹಾಗೆ ನಿಂತೇ ಇದ್ದ. ಮತ್ತೆ ಎಳೆದೆ. ಏನೂ ಆಗಲಿಲ್ಲ.

"ದೂರ ನಿಂತಿದೀರ ಅಕ್ಕ. ಹಿಂಗ್ ನಿಂತು ಎಳುದ್ರೆ ಯಾರೂ ಬೀಳಕಿಲ್ಲ," ಎಂದ ಅವನು, ಮೆತ್ತಗೆ. "ಸೊಂಟ ಇನ್ನೂ ಒಳಕ್ಕೆ ಬರ್ಬೇಕು. ನೋಡಿ, ಹಿಂಗೆ." ನನಗೆ ಗೊತ್ತಾಗುವಷ್ಟರಲ್ಲಿ ನಾನು ಗಾಳಿಯಲ್ಲಿದ್ದೆ. ಬೆನ್ನು ಹಾಸಿನ ಮೇಲೆ ಬಡಿಯಿತು. ಅವನು ನನ್ನ ತೋಳು ಬಿಡದೆ ಎಳೆದು ಹಿಡಿದಿದ್ದ, ಏಟು ಜೋರಾಗಬಾರದೆಂದು. "ಬೀಳ್ವಾಗ ಎಡಗೈ ಊರುದ್ರಲ್ಲ ಅಕ್ಕ, ಹಂಗ್ ಊರ್ಬ್ಯಾಡಿ. ಮುರಿದೋಯ್ತದೆ."

ಹಾಲ್‌ನಲ್ಲಿದ್ದ ಹುಡುಗರೆಲ್ಲ ನೋಡುತ್ತಿದ್ದರು. ಒಬ್ಬ ನಕ್ಕ. ನನ್ನ ಕಿವಿ ಬಿಸಿಯಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಂದದ್ದು ಅದಕ್ಕಿಂತ ಕೀಳು ಮಾತು. ಎದ್ದು ನೇರವಾಗಿ ಮೇಷ್ಟ್ರ ಹತ್ತಿರ ಹೋಗಿ, "ಇವನ ಕೈ ಸರಿಯಿಲ್ಲ ಮೇಷ್ಟ್ರೇ," ಎಂದೆ.

ಅಷ್ಟೇ. ಮೇಷ್ಟ್ರು ಏನು, ಎಲ್ಲಿ, ಹೇಗೆ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳುವುದೂ ಅವರಿಗೆ ನಾಚಿಕೆ. ಹೋಗಿ ಅವನ ಕೆನ್ನೆಗೆ ಎರಡು ಬಾರಿಸಿದರು. ಅವನು ಕೆನ್ನೆ ಮುಟ್ಟಿಕೊಂಡು ನನ್ನ ಕಡೆ ತಿರುಗಿದ. "ನಾನೇನ್ ಮಾಡ್ದೆ ಅಕ್ಕ?" ನಾನು ಗೋಡೆ ನೋಡಿದೆ. ಬಟ್ಟೆ ಬದಲಾಯಿಸದೆ ಹಾಗೇ ಸೈಕಲ್ ಹತ್ತಿ ಹೋದವನು ಮತ್ತೆ ಬರಲಿಲ್ಲ. ಮಾತು ಅವನ ಊರಿನವರೆಗೂ ಹೋಯಿತೆಂದು ಆಮೇಲೆ ಯಾರೋ ಹೇಳಿದರು. ಅಲ್ಲಿ ಅವನಿಗೆ ಏನಾಯಿತೆಂದು ವಿಚಾರಿಸುವ ಧೈರ್ಯ ನನಗೆ ಅವತ್ತೂ ಇರಲಿಲ್ಲ, ಆಮೇಲೂ ಬರಲಿಲ್ಲ. ಆ ಸುಳ್ಳನ್ನು ನಾನು ಬೇಕೆಂದೇ ಹೇಳಿದೆನೋ, ಆ ಗಳಿಗೆಗೆ ನಂಬಿಯೇ ಹೇಳಿದೆನೋ ಎಂದು ತುಂಬ ಸಲ ಯೋಚಿಸಿದ್ದೇನೆ. ಅಣ್ಣನನ್ನು ದಿನಕ್ಕೆ ಮೂವತ್ತು ಸಲ ಎಸೆಯುವವಳು ನಾನು. ಇವನು ಬೀಳುವುದಿಲ್ಲವೆಂದರೆ ಇವನಲ್ಲೇ ಏನೋ ಕೆಟ್ಟದ್ದಿರಬೇಕು ಎಂದು ನನಗೆ ಅನ್ನಿಸಿದ್ದು ನಿಜ.

ಅಣ್ಣ ಚೇತರಿಸಿಕೊಂಡು ಬಂದ. ಮತ್ತೆ ಬೀಳತೊಡಗಿದ. ನನಗೆ ಸಮಾಧಾನವಾಯಿತು.

ಸಂಕ್ರಾಂತಿ ಕಳೆದ ಮೇಲೆ ಸೆಲೆಕ್ಷನ್. ಸಿಟಿಯ ಒಂದು ದೊಡ್ಡ ಹಾಲ್. ನನ್ನ ತೂಕದಲ್ಲಿ ಇದ್ದವರು ಇಬ್ಬರೇ, ಗೆದ್ದವಳು ಟೀಮಿಗೆ. ಇನ್ನೊಬ್ಬಳು ಮೈಸೂರು ಕಡೆಯವಳು. ನನಗಿಂತ ಗಿಡ್ಡ. ಮೈಯೆಲ್ಲ ತರಚು ಗಾಯ, ಒಂದು ಕಿವಿ ನಜ್ಜಿ ಗಡ್ಡೆ ಕಟ್ಟಿತ್ತು. ನಾಲ್ವರು ಅಣ್ಣತಮ್ಮಂದಿರಂತೆ, ಎಲ್ಲರೂ ಇದನ್ನೇ ಆಡುವವರು, ನಾಲ್ವರೂ ಬಂದು ಬೆಂಚಿನ ಮೇಲೆ ಕೂತಿದ್ದರು. ಆ ಕಿವಿ ನೋಡಿ ನಾನು ಅಣ್ಣನಿಗೆ, "ಪಾಪ, ಎಷ್ಟು ಒದೆ ತಿಂದಿದಾಳೆ ನೋಡು," ಎಂದು ನಕ್ಕೆ. ಅಣ್ಣ ನಗಲಿಲ್ಲ. ಅವನ ಮುಖ ಬಿಳಿಚಿತ್ತು. "ಹುಷಾರು ಕಣಮ್ಮ. ಬೇಕಾದ್ರೆ ಬಿಟ್ಬಿಡು, ಹೊಟ್ಟೆನೋವು ಅಂತ ಹೇಳೋಣ," ಎಂದ. ಹೊರಗೆ ಅಪ್ಪ ಅರ್ಧ ದಿನ ರಜೆ ಹಾಕಿ ಬಂದು ನಿಂತಿದ್ದರು. ಟೆಲಿಫೋನ್ ಬೋರ್ಡಿನ ಕುರ್ಚಿಯನ್ನು ನಾನು ಆಗಲೇ ಕನಸಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಬಿಡುವುದೆಂದರೇನು?

ಅವಳ ತೋಳು ಹಿಡಿದು ನನ್ನ ಪಟ್ಟು ಹಾಕಿದೆ. ಅವಳು ಅಲುಗಲಿಲ್ಲ.

ಎರಡನೆಯ ಸಲ ಹಾಕಿದೆ. ಆ ಭಾರ ನನಗೆ ಗೊತ್ತಿತ್ತು. ಒಂದೇ ಒಂದು ಸಾಯಂಕಾಲ, ಒಬ್ಬನೇ ಒಬ್ಬ ಮನುಷ್ಯನ ಮೈಯಲ್ಲಿ ಕಂಡಿದ್ದ ಭಾರ ಅದು. ಹೇರೋಹಳ್ಳಿಯವನ ಮುಖ ಕಣ್ಣ ಮುಂದೆ ಬಂತು. ಎಲ್ಲವೂ ಆಗ ಅರ್ಥವಾಯಿತು, ಆದರೆ ಅರ್ಥವಾಗಿ ಪ್ರಯೋಜನವಿರಲಿಲ್ಲ. ಅವಳು ಬಗ್ಗಿ ಒಳಗೆ ನುಗ್ಗಿದಳು, ನೆಲ ನನ್ನ ಕಾಲಡಿಯಿಂದ ಹೋಯಿತು. ಬೀಳುವುದು ಗೊತ್ತಿಲ್ಲದವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಬಲಗೈ ಊರಿದೆ. ನನ್ನ ಭಾರ, ಅವಳ ಭಾರ ಎರಡೂ ಅದರ ಮೇಲೆ ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು.

ಆಸ್ಪತ್ರೆಗೆ ಅಮ್ಮ ಬಿಡಲಿಲ್ಲ. ಆಪರೇಷನ್ ಎಂದರೆ ಕೈಯನ್ನೇ ತೆಗೆದುಬಿಡುತ್ತಾರೆ ಎಂದು ಅವಳ ಭಯ. ಕೆಂಗೇರಿಯ ಆಚೆ ಒಂದು ಹಳ್ಳಿಯಲ್ಲಿ ಮೂಳೆಗೆ ಕಟ್ಟು ಕಟ್ಟುವವರಿದ್ದರು. ಮಾವನೇ ಬಂದು ಕರೆದುಕೊಂಡು ಹೋದ. ಸೊಪ್ಪು ಅರೆದು, ಮೊಟ್ಟೆ ಕಲಸಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿದರು. ಒಂದೂವರೆ ತಿಂಗಳಾದ ಮೇಲೆ ಬಿಚ್ಚಿದಾಗ ಕೈ ಹೀಗೆ ಇತ್ತು.

ಅಣ್ಣ ನೋಡಲು ಬಂದದ್ದು ಕಟ್ಟು ಬಿಚ್ಚಿದ ಮೇಲೆ. ಹೊಸಲಿನ ಆಚೆಯೇ ನಿಂತ. ಅಮ್ಮ ನಲ್ಲಿಗೆ ಹೋಗಿದ್ದಳು.

"ನೀನು ಎಸೆದಿದ್ದಕ್ಕೆ ನಾನು ಒಂದ್ಸಲಾನೂ ಬಿದ್ದಿಲ್ಲ ಕಣಮ್ಮ," ಎಂದ. "ನಾನೇ ಬೀಳ್ತಿದ್ದೆ."

"ಗೊತ್ತು," ಎಂದೆ. "ಯಾಕೆ?"

"ಅವತ್ತು ಪಂಚಮಿ ದಿವ್ಸ ನೀನು ಒಳಗೆ ಹೋದಾಗ ಅಮ್ಮ ನನ್ನ ಕೈ ಮೇಲೆ ಕೈ ಇಟ್ಟು ಆಣೆ ಹಾಕಿಸ್ಕೊಂಡ್ರು. ನಿನ್ನಿಂದ ಅವಳ ಬೆನ್ನು ನೆಲಕ್ಕೆ ತಾಗ್ಬಾರ್ದು, ಅವಳಿಗೆ ಎದುರು ನಿಲ್ಲಬಾರ್ದು ಅಂತ. ಒಡಹುಟ್ಟಿದ ಋಣ ಅಂದ್ರು. ನಂಗೆ ಯಾವತ್ತೂ ಯಾರೂ ಹಂಗೆ ಬೆನ್ನಿಗೆ ಹಾಲು ಹಚ್ಚಿರ್ಲಿಲ್ಲ."

ಅವನು ಅತ್ತ. ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು. "ಒಂದೇ ಒಂದು ದಿನ ನೀನು ಬೀಳದೆ ನಿಂತಿದ್ರೆ ಸಾಕಾಗಿತ್ತು ಅಣ್ಣ," ಎಂದು ಬಾಗಿಲು ಹಾಕಿಕೊಂಡೆ.

ಅಮ್ಮ ಆ ಮಾತು ತೆಗೆದುಕೊಂಡದ್ದು ನನ್ನ ಮೇಲಿನ ಪ್ರೀತಿಗೋ, ತಮ್ಮನ ಮದುವೆ ತಪ್ಪಬಾರದೆಂದೋ? ಅವಳು ಸಾಯುವವರೆಗೂ ನಾನು ಕೇಳಲಿಲ್ಲ. ಪ್ರೀತಿಗೇ ಇರಬೇಕು ಎಂದು ಈಗ ಅನ್ನಿಸುತ್ತದೆ. ಅದರಿಂದ ಕೈ ನೆಟ್ಟಗಾಗುವುದಿಲ್ಲ.

"ಸೊಟ್ಟ ಕೈ ಹುಡುಗೀನ ಇನ್ಯಾರು ಮಾಡ್ಕೋತಾರೆ? ನನ್ನ ತಮ್ಮ ದೇವರಂಥೋನು," ಎಂದು ಅಮ್ಮ ಎಲ್ಲರಿಗೂ ಹೇಳಿದಳು. ಅಪ್ಪ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದೇ ತೊಂದರೆ. ಕೆಲಸ ಸಿಕ್ಕಿರಲಿಲ್ಲ. ವೈಶಾಖದಲ್ಲಿ ಕೆಂಗೇರಿಯ ಒಂದು ಛತ್ರದಲ್ಲಿ ಮದುವೆ.

ಮಾಂಗಲ್ಯವಾದ ಮೇಲೆ ಹೋಮ. ಹೆಣ್ಣಿನ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಅರಳು ಸುರಿಯಬೇಕು, ಅವಳು ಅದನ್ನು ಬೆಂಕಿಗೆ ಹಾಕಬೇಕು, ಮೂರು ಸಲ. ಅಮ್ಮ ಅಣ್ಣನಿಗೆ ಹೇಳಿಕಳಿಸಿದ್ದಳು. ಹೊಸ ಪಂಚೆ ಉಟ್ಟು ಬಂದಿದ್ದ. ಬಾಗಿಲು ಹಾಕಿಕೊಂಡ ದಿನದ ನಂತರ ನಾನು ಅವನನ್ನು ನೋಡಿರಲಿಲ್ಲ, ಅವತ್ತೂ ಮುಖ ನೋಡಲಿಲ್ಲ. ಅವನು ಅರಳು ಸುರಿದ. ನನ್ನ ಬೊಗಸೆ ಕೂಡಲಿಲ್ಲ, ಬಲಗೈ ಕಡೆಯಿಂದ ಎಲ್ಲ ಸೋರಿ ಸೀರೆಯ ಮೇಲೆ, ನೆಲದ ಮೇಲೆ ಬಿತ್ತು. "ಕೈ ಸರಿಯಾಗಿ ಹಿಡಿಯಮ್ಮ," ಎಂದರು ಪುರೋಹಿತರು. ಎರಡನೆಯ ಸಲವೂ ಹಾಗೇ ಆಯಿತು. ಮಾವ ತಲೆ ತಗ್ಗಿಸಿ ಕೂತಿದ್ದ. ಹೆಂಗಸರ ಕಡೆ ಗುಸುಗುಸು ಶುರುವಾಯಿತು. ನನಗೆ ಎದ್ದು ಹೋಗಬೇಕೆನ್ನಿಸಿತು. ನಿಜಕ್ಕೂ ಏಳಲು ಹೊರಟೆ, ಮೊಣಕಾಲು ನೆಲದಿಂದ ಎತ್ತಿದ್ದೆ.

"ಅಣ್ಣ ಕೆಳಗಿಂದ ಕೈ ಆನಿಸಿ ಗಟ್ಟಿಯಾಗಿ ಹಿಡ್ಕೊಳ್ಲಿ, ಅರಳು ಅವರಪ್ಪ ಹಾಕ್ಲಿ," ಎಂದರು ಪುರೋಹಿತರು.

ಅವನು ಎರಡೂ ಕೈ ಕೆಳಗೆ ತಂದು ನನ್ನ ಕೈಗಳನ್ನು ಒಟ್ಟಿಗೆ ಸೇರಿಸಿ ಹಿಡಿದ. ಬಲಗೈ ನೋವಿನಿಂದ ಕಿತ್ತು ಬಂದ ಹಾಗಾಯಿತು. ಆ ಸಣಕಲು ಮನುಷ್ಯನಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ಅವನು ನನ್ನನ್ನು ಒಂದು ದಿನವೂ ಹಾಗೆ ಹಿಡಿದಿರಲಿಲ್ಲ. ಬಿಡಿಸಿಕೊಳ್ಳಲು ಪೂರ್ತಿ ಶಕ್ತಿ ಹಾಕಿ ಎಳೆದೆ. ಆಗಲಿಲ್ಲ. ಅಪ್ಪ ಅರಳು ಹಾಕಿದರು.